ಕೆಲಸದ ಪರಿಚಯ ಬೆಳೆಸಲು ಯಾವ ದಾರಿ? ಮೈಸೂರು, ಮಂಡ್ಯದವರಿಗೆ ಒಂದು ಹೋಲಿಕೆ

ನಮ್ಮ ಕಡೆ ಪರಿಚಯಕ್ಕೇನೂ ಬರವಿಲ್ಲ. ಮಂಡ್ಯದಲ್ಲಿ ಬಸ್ಸಿನ ಪಕ್ಕದ ಸೀಟಿನವರು ಕೂಡ "ಯಾವೂರು, ಯಾರ ಮಗ" ಅಂತ ಕೇಳಿ, ಮೂರನೇ ಮಾತಿಗೆ ಒಂದು ನೆಂಟಸ್ತಿಕೆ ಹುಡುಕಿಬಿಡುತ್ತಾರೆ. ಮೈಸೂರಿನಲ್ಲಿ ಒಂದು ಮದುವೆಗೆ ಹೋದರೆ ಊಟದ ಪಂಕ್ತಿಯಲ್ಲೇ ಬ್ಯಾಂಕಿನವರು, ಕಾಲೇಜಿನ ಮೇಷ್ಟ್ರು, ಹೆಬ್ಬಾಳದ ಕಾರ್ಖಾನೆಯವರು ಸಿಗುತ್ತಾರೆ. ಆದರೂ ಕೆಲಸ ಬದಲಾಯಿಸಬೇಕು ಅಂದಾಗ ಯಾರನ್ನು ಕೇಳೋದು ಅಂತ ಕೂತುಬಿಡುತ್ತೇವೆ. ನಮ್ಮನ್ನು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ನಮ್ಮ ಕೆಲಸವನ್ನು ಬಲ್ಲವರು ಬೆರಳೆಣಿಕೆಯಷ್ಟು.

ನಾನು ಮೈಸೂರಿನ ಒಂದು ಕಾರ್ಖಾನೆಯಲ್ಲಿ ಹೊಸಬರನ್ನು ಸೇರಿಸಿಕೊಳ್ಳುವ ವಿಭಾಗದಲ್ಲಿದ್ದೇನೆ. ನಮ್ಮಲ್ಲಿ ಕೆಲಸ ಮಾಡುವವರು ಯಾರನ್ನಾದರೂ ಶಿಫಾರಸು ಮಾಡಿದಾಗ ನಾನು ಮೊದಲು ಕೇಳೋದು ಒಂದೇ ಮಾತು: "ಇವರು ಕೆಲಸ ಮಾಡೋದನ್ನ ನೀವು ನೋಡಿದ್ದೀರಾ?" ಎಷ್ಟೋ ಸಲ ಬರುವ ಉತ್ತರ, "ಇಲ್ಲ, ಆದ್ರೆ ಒಳ್ಳೆ ಹುಡುಗ, ನಮ್ಮ ಕಡೆಯವನೇ." ಅದು ಸುಳ್ಳಲ್ಲ, ಆದರೆ ಅದರಿಂದ ನನಗೆ ಏನೂ ತಿಳಿಯುವುದಿಲ್ಲ. ಅಪರೂಪಕ್ಕೆ ಒಬ್ಬರು, "ಹೌದು, ಹಳೇ ಕಂಪನಿಯಲ್ಲಿ ನಮ್ಮ ಲೈನ್ ನಿಂತಾಗ ರಾತ್ರಿ ಇದ್ದು ಸರಿ ಮಾಡಿದ್ದು ಇವಳೇ" ಅನ್ನುತ್ತಾರೆ. ಆ ಅರ್ಜಿ ಅವತ್ತೇ ಮೇಲೆ ಹೋಗುತ್ತದೆ.

ಅದಕ್ಕೇ ಯಾವ ದಾರಿ ಹಿಡಿಯಬೇಕು ಅಂತ ಕೇಳುವವರಿಗೆ ನಾನು ಹೇಳುವ ಅಳತೆ ಇದು: ಅಲ್ಲಿ ನಿಮ್ಮ ಕೆಲಸ ಯಾರ ಕಣ್ಣಿಗಾದರೂ ಬೀಳುತ್ತದಾ? ದುಡ್ಡು, ಸಮಯದ ಲೆಕ್ಕ ಆಮೇಲೆ.

ಇನ್ನೂ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಬಾಸ್ಟನ್ ಹತ್ತಿರದ ಒಂದು ಊರಿನಲ್ಲಿ, ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು, "ಆ ಪರಿಚಯದವರನ್ನು ಎಷ್ಟು ಸಲ ಭೇಟಿ ಮಾಡ್ತಿದ್ರಿ?" ಅಂತ ಕೇಳಿದ್ದರು. ಆಗಾಗ ಭೇಟಿ ಆಗುತ್ತಿದ್ದೆವು ಅಂದವರು ಸುಮಾರು ಶೇ 17. ಆಗೊಮ್ಮೆ ಈಗೊಮ್ಮೆ ಭೇಟಿ ಅಂದವರು ಶೇ 56. ಭೇಟಿಯೇ ಇಲ್ಲ ಅನ್ನುವಷ್ಟು ಕಡಿಮೆ ಅಂದವರು ಶೇ 28. ಕಾರಣ ಸರಳ. ತೀರಾ ಹತ್ತಿರದವರಿಗೆ ಗೊತ್ತಿರುವ ಸುದ್ದಿ ನಮಗೂ ಗೊತ್ತಿರುತ್ತದೆ. ಬೇರೆ ಬಳಗದವರು ಹೊಸ ಸುದ್ದಿ ತರುತ್ತಾರೆ. 2022ರಲ್ಲಿ, ಕೆಲಸದ ಪರಿಚಯಕ್ಕೆಂದೇ ಇರುವ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಜನರ ಐದು ವರ್ಷದ ಮಾಹಿತಿ ಇಟ್ಟುಕೊಂಡು ನೋಡಿದಾಗಲೂ ಹೆಚ್ಚುಕಡಿಮೆ ಇದೇ ಕಂಡಿತು. ತೀರಾ ಆಪ್ತರಲ್ಲ, ಪೂರ್ತಿ ಅಪರಿಚಿತರೂ ಅಲ್ಲ. ನಡುವೆ ಇರುವ, ಸ್ವಲ್ಪ ದೂರದ ಪರಿಚಯವೇ ಕೆಲಸ ಬದಲಾಯಿಸಲು ಜಾಸ್ತಿ ನೆರವಾಗಿತ್ತು.

ನೆಂಟರು, ಊರಿನವರು

ಇದು ಬೇಗ ಸಿಗುವ ದಾರಿ. ಒಂದು ಫೋನ್ ಸಾಕು. ಯಾವ ಕಾರ್ಖಾನೆಯಲ್ಲಿ ಯಾವ ಶಿಫ್ಟ್, ಸಂಬಳ ಸರಿಯಾಗಿ ಕೊಡ್ತಾರಾ, ನಂಜನಗೂಡಿಗೆ ಕಂಪನಿ ಬಸ್ ನಮ್ಮ ಏರಿಯಾದಿಂದ ಹೋಗುತ್ತಾ, ಇಂಥದ್ದಕ್ಕೆಲ್ಲ ಇವರಷ್ಟು ಪಕ್ಕಾ ಮಾಹಿತಿ ಬೇರೆಲ್ಲೂ ಸಿಗುವುದಿಲ್ಲ. ಮಾವನೋ ಚಿಕ್ಕಪ್ಪನೋ ಒಳಗಿನ ವಿಷಯ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಆದರೆ ನಿಮ್ಮ ಕೆಲಸದ ಬಗ್ಗೆ ಅವರು ಏನು ಹೇಳಿಯಾರು? ಅವರು ನಿಮ್ಮನ್ನು ನೋಡಿರೋದು ಹಬ್ಬದಲ್ಲಿ, ಗೃಹಪ್ರವೇಶದಲ್ಲಿ.

ಹಾಗಾಗಿ ಇವರ ಹತ್ತಿರ ಕೆಲಸ ಕೊಡಿಸಿ ಅನ್ನಬೇಡಿ, ಮಾಹಿತಿ ಕೇಳಿ. "ಮಾವ, ನಿಮ್ಮ ಕಂಪನಿಯಲ್ಲಿ ಮೆಂಟೆನೆನ್ಸ್ ನೋಡ್ಕೊಳ್ಳೋರು ಯಾರು? ಅವರ ಹತ್ರ ಹತ್ತು ನಿಮಿಷ ಮಾತಾಡೋಕೆ ಆಗುತ್ತಾ?" ಅಂದರೆ ಮಾವನಿಗೂ ಮುಜುಗರವಿಲ್ಲ, ನಿಮಗೂ ಸರಿಯಾದ ಮನುಷ್ಯ ಸಿಗುತ್ತಾರೆ.

ಈ ದಾರಿಯಲ್ಲಿ ಒಂದು ಅಪಾಯ ಇದೆ. ಊರಿನವರ ಹೆಸರು ಹೇಳಿಕೊಂಡು "ಕೆಲಸ ಕೊಡಿಸ್ತೀನಿ, ಇಷ್ಟು ಕೊಡಿ" ಅನ್ನುವವರು ನಮ್ಮ ಎರಡೂ ಜಿಲ್ಲೆಗಳಲ್ಲಿ ಇದ್ದಾರೆ. ಜಮೀನು ಅಡ ಇಟ್ಟು ದುಡ್ಡು ಕೊಟ್ಟವರ ಕಣ್ಣೀರು ನೋಡಿದ್ದೇನೆ. ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ.

ಕಾಲೇಜಿನ ಸೀನಿಯರ್‌ಗಳು: ಹೊಸಬರಿಗೆ ಮೊದಲ ಆಯ್ಕೆ

ಓದು ಮುಗಿಸಿ ಎರಡು ಮೂರು ವರ್ಷದೊಳಗಿನವರು ಬೇರೆ ಎಲ್ಲಕ್ಕಿಂತ ಮೊದಲು ಇಲ್ಲಿಂದ ಶುರು ಮಾಡಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಮೈಸೂರಿನ ಎನ್‌ಐಇ ಇಂಜಿನಿಯರಿಂಗ್ ಕಾಲೇಜು 1946ರದ್ದು. ಮಂಡ್ಯದ ಪಿಇಎಸ್ ಇಂಜಿನಿಯರಿಂಗ್ ಕಾಲೇಜನ್ನು ಕೆ.ವಿ. ಶಂಕರಗೌಡರು 1962ರಲ್ಲಿ ಕಟ್ಟಿದರು. ಮೈಸೂರಿನ ಇನ್ನೊಂದು ಇಂಜಿನಿಯರಿಂಗ್ ಕಾಲೇಜು ಎಸ್‌ಜೆಸಿಇ ಮರುವರ್ಷ, 1963ರಲ್ಲಿ ಬಂತು. ಮೈಸೂರು ವಿಶ್ವವಿದ್ಯಾನಿಲಯವಂತೂ 1916ರಿಂದ ಇದೆ. ಅಂದರೆ ನಿಮ್ಮ ಕಾಲೇಜಿನಲ್ಲಿ ಓದಿದವರು ಎರಡು ಮೂರು ತಲೆಮಾರಿನಿಂದ ನಾನಾ ಕಡೆ ಹರಡಿಕೊಂಡಿದ್ದಾರೆ. ಇಷ್ಟು ದೊಡ್ಡ ಬಳಗ ಇದ್ದರೂ ಹೆಚ್ಚಿನವರು ಬಳಸಿಕೊಳ್ಳುವುದಿಲ್ಲ.

ಬಳಸಿಕೊಂಡರೂ ತಪ್ಪು ಜನರನ್ನು ಹಿಡಿಯುತ್ತಾರೆ. ಮೂವತ್ತು ವರ್ಷದ ಹಿಂದೆ ಓದಿ ಈಗ ದೊಡ್ಡ ಹುದ್ದೆಯಲ್ಲಿರುವವರಿಗೆ ನೂರಾರು ಮೆಸೇಜ್ ಬರುತ್ತಿರುತ್ತವೆ. ನಿಮ್ಮ ಮಟ್ಟದ ಕೆಲಸ ಎಲ್ಲಿ ಖಾಲಿ ಇದೆ ಅನ್ನೋದು ಅವರಿಗೆ ಗೊತ್ತಿರೋದೂ ಕಡಿಮೆ. ಎರಡರಿಂದ ಐದು ವರ್ಷ ಮುಂದಿರುವ ಸೀನಿಯರ್‌ಗಳನ್ನು ಹಿಡಿಯಿರಿ. ಅವರ ತಂಡದಲ್ಲೇ ಜಾಗ ಖಾಲಿ ಆಗುತ್ತಿರುತ್ತದೆ. ತಾವು ಇಂಟರ್‌ವ್ಯೂನಲ್ಲಿ ತಡವರಿಸಿದ್ದು ಅವರಿಗೆ ಇನ್ನೂ ನೆನಪಿರುತ್ತದೆ. ನಿಮ್ಮ ಪ್ರಾಜೆಕ್ಟ್‌ನ ಗೈಡ್ ಯಾರು, ಅವರು ಎಷ್ಟು ಕಟ್ಟುನಿಟ್ಟು ಅಂತಲೂ ಗೊತ್ತು. ಹಾಗಾಗಿ ನಿಮ್ಮ ಪ್ರಾಜೆಕ್ಟ್‌ಗೆ ಅವರ ಕಣ್ಣಲ್ಲಿ ಒಂದು ಬೆಲೆ ಇದೆ.

ಏನು ಬರೆಯಬೇಕು ಅನ್ನೋದೇ ದೊಡ್ಡ ತೊಡಕು, ಅಲ್ವಾ? ನನಗೆ ಬರುವ ಮೆಸೇಜುಗಳಲ್ಲಿ ಹೆಚ್ಚಿನವು ಹೀಗಿರುತ್ತವೆ: "ಸರ್, ಯಾವುದಾದ್ರೂ ಓಪನಿಂಗ್ ಇದ್ರೆ ತಿಳಿಸಿ." ಇದಕ್ಕೆ ಏನು ಉತ್ತರ ಕೊಡೋದು? ಅವರು ಏನು ಓದಿದ್ದಾರೆ, ಏನು ಬರುತ್ತದೆ, ಒಂದೂ ಗೊತ್ತಿಲ್ಲ. "ಇದ್ರೆ ಹೇಳ್ತೀನಿ" ಅನ್ನುವುದಕ್ಕಿಂತ ಹೆಚ್ಚಿಗೆ ಏನೂ ಹೊಳೆಯುವುದಿಲ್ಲ. ಇದರ ಪಕ್ಕಕ್ಕೆ ಇನ್ನೊಂದು ಬಗೆಯ ಮೆಸೇಜ್ ಇಟ್ಟು ನೋಡಿ:

"ನಮಸ್ತೆ ಸರ್. ನಾನು ಮಂಡ್ಯ ಪಿಇಎಸ್‌ನಲ್ಲಿ ಮೆಕ್ಯಾನಿಕಲ್ ಈ ವರ್ಷ ಮುಗಿಸಿದೆ. ನೀವೂ ಅಲ್ಲೇ ಓದಿ ಈಗ ಕ್ವಾಲಿಟಿಯಲ್ಲಿ ಇದ್ದೀರಿ ಅಂತ ಗೊತ್ತಾಯ್ತು. ಫೈನಲ್ ಇಯರ್‌ನಲ್ಲಿ ನಾವು ಶಾಫ್ಟ್ ಅಳೆಯೋಕೆ ಒಂದು ಗೇಜ್ ಮಾಡಿದ್ವಿ, ಫೋಟೋ ಕಳಿಸಿದ್ದೇನೆ. ಕ್ವಾಲಿಟಿಗೆ ಬರಬೇಕು ಅಂತ ಆಸೆ. ಮೊದಲು ಸಿಎಂಎಂ ಕಲಿಯೋದಾ, ಜಿಡಿ ಅಂಡ್ ಟಿ ಕಲಿಯೋದಾ? ಒಂದು ಸಾಲು ಬರೆದರೂ ಸಾಕು."

ಇದಕ್ಕೆ ಉತ್ತರ ಬಂದೇ ಬರುತ್ತದೆ ಅಂತ ಹೇಳಲಾರೆ, ಆದರೆ ಬರುವ ಸಾಧ್ಯತೆ ಎಷ್ಟೋ ಜಾಸ್ತಿ. ಕೇಳಿರುವುದು ಆ ಸೀನಿಯರ್‌ಗೆ ಗೊತ್ತಿರುವ ವಿಷಯ. (ಸಿಎಂಎಂ ಅಂದರೆ ಬಿಡಿಭಾಗದ ಅಳತೆ ತೆಗೆಯುವ ಯಂತ್ರ. ಜಿಡಿ ಅಂಡ್ ಟಿ ಅಂದರೆ ಅಳತೆ, ಆಕಾರ ಎಷ್ಟು ಹೆಚ್ಚುಕಡಿಮೆ ಇರಬಹುದು ಅಂತ ಡ್ರಾಯಿಂಗ್‌ನಲ್ಲಿ ಗುರುತು ಮಾಡುವ ಪದ್ಧತಿ.) "ಮೊದಲು ಜಿಡಿ ಅಂಡ್ ಟಿ ಕಲಿ. ಡ್ರಾಯಿಂಗ್ ಓದೋಕೆ ಬರದಿದ್ರೆ ಸಿಎಂಎಂ ಮುಂದೆ ಕೂತು ಏನು ಅಳೀತೀಯ?" ಅಂತ ಟೈಪ್ ಮಾಡಲು ಅರ್ಧ ನಿಮಿಷ. ಜೊತೆಗೆ ಗೇಜ್‌ನ ಫೋಟೋ ನೋಡಿದ್ದಾರೆ. ಒಂದೇ ಮೆಸೇಜಿಗೆ ನಿಮ್ಮ ಕೆಲಸ ಒಬ್ಬರ ಕಣ್ಣಿಗೆ ಬಿತ್ತು.

ಆಮೇಲಿನ ಹೆಜ್ಜೆ ಇನ್ನೂ ಮುಖ್ಯ. ಒಂದೂವರೆ ತಿಂಗಳಾದ ಮೇಲೆ, "ಸರ್, ನೀವು ಹೇಳಿದ ಹಾಗೆ ಕಲಿತೆ. ಈ ಡ್ರಾಯಿಂಗ್‌ನಲ್ಲಿ ಪೊಸಿಷನ್ ಟಾಲರೆನ್ಸ್ ನಾನು ಓದಿದ್ದು ಸರೀನಾ?" ಅಂತ ಇನ್ನೊಂದು ಸಾಲು ಬರೆಯಿರಿ. ಹೇಳಿದ್ದನ್ನು ಮಾಡಿ ತೋರಿಸುವ ಹುಡುಗರನ್ನು ಯಾರೂ ಮರೆಯುವುದಿಲ್ಲ. ಅವರ ವಿಭಾಗದಲ್ಲಿ ಜಾಗ ಖಾಲಿಯಾದಾಗ ನೀವು ಕೇಳುವ ಮೊದಲೇ ಅವರು ಫೋನ್ ಮಾಡುತ್ತಾರೆ. ಹೀಗೆ ಸೇರಿದವರು ನಮ್ಮ ಕಾರ್ಖಾನೆಯಲ್ಲೇ ಇದ್ದಾರೆ.

ಹಾಸ್ಟೆಲ್‌ನಲ್ಲಿ "ಅಣ್ಣ" ಅಂತಿದ್ದವರನ್ನು ಈಗ "ಸರ್" ಅನ್ನಬೇಕಾ ಅಂತ ಕೆಲವರು ಕೇಳುತ್ತಾರೆ. ಫೋನಿನಲ್ಲಿ ಅಣ್ಣ ಅಂತಲೇ ಅನ್ನಿ. ಆಫೀಸಿನ ಮೇಲ್‌ನಲ್ಲಿ, ನಾಲ್ಕು ಜನರ ಮುಂದೆ, ಸರ್ ಅಂದರೆ ಅವರಿಗೂ ಅನುಕೂಲ.

ಮೆಸೇಜ್ ಒಬ್ಬೊಬ್ಬರಿಗೇ ಕಳಿಸಿ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ರೆಸ್ಯೂಮೆ ಹಾಕಿದರೆ ಎಲ್ಲರೂ ಬೇರೆಯವರು ನೋಡಿಕೊಳ್ಳುತ್ತಾರೆ ಅಂದುಕೊಳ್ಳುತ್ತಾರೆ.

ಹಳೆಯ ಸಹೋದ್ಯೋಗಿಗಳು: ಐದಾರು ವರ್ಷ ಕೆಲಸ ಮಾಡಿದವರಿಗೆ

ಅನುಭವ ಇರುವವರಿಗೆ ಕಾಲೇಜಿಗಿಂತ ಇದು ಎಷ್ಟೋ ಮೇಲು. ನಿಮ್ಮ ಪಕ್ಕದಲ್ಲೇ ಕೂತು, ನಿಮ್ಮ ತಪ್ಪು ಒಪ್ಪು ಎರಡನ್ನೂ ಕಂಡವರು ಇವರು. ಕಂಪನಿ ಬಿಟ್ಟು ಬೇರೆ ಬೇರೆ ಕಡೆ ಹೋಗಿರುವುದರಿಂದ ಹೊಸ ಸುದ್ದಿಯೂ ಇವರ ಹತ್ತಿರ ಇರುತ್ತದೆ. ಲಿಂಕ್ಡ್‌ಇನ್ ಅಧ್ಯಯನದಲ್ಲಿ ಕಂಡ ಆ ನಡುವಿನ ದೂರದಲ್ಲಿ ನಿಲ್ಲುವವರು ಇವರೇ.

ಮದುವೆ, ಮಗು ಅಂತ ನಾಲ್ಕೈದು ವರ್ಷ ಕೆಲಸ ಬಿಟ್ಟು ಮತ್ತೆ ಸೇರಬೇಕು ಅನ್ನುವ ಹೆಣ್ಣುಮಕ್ಕಳಿಗೆ ನಾನು ಕಳಕಳಿಯಿಂದ ಹೇಳುವ ಮಾತು ಇದು. ಪೋರ್ಟಲ್‌ನಲ್ಲಿ ಅರ್ಜಿ ಹಾಕಿದರೆ ಆ ಖಾಲಿ ವರ್ಷಗಳೇ ಮೊದಲು ಕಾಣುತ್ತವೆ. ನಿಮ್ಮ ಜೊತೆ ಕೆಲಸ ಮಾಡಿದವರಿಗೆ ಆ ಖಾಲಿ ವರ್ಷ ಕಾಣುವುದಿಲ್ಲ, ನೀವು ಕಾಣುತ್ತೀರಿ. ಹಳೆಯ ಟೀಮ್ ಲೀಡ್‌ಗೆ ಫೋನ್ ಮಾಡಲು ಸಂಕೋಚ ಪಡಬೇಡಿ. "ಇಷ್ಟು ವರ್ಷ ಆದ ಮೇಲೆ ಏನಂದುಕೊಳ್ತಾರೋ" ಅನ್ನುವುದು ನಮ್ಮ ಮನಸ್ಸಿನೊಳಗಿನ ಮಾತು. ಎದುರಿನವರು ಸಾಮಾನ್ಯವಾಗಿ ಖುಷಿಯಿಂದಲೇ ಮಾತಾಡುತ್ತಾರೆ.

ಲಿಂಕ್ಡ್‌ಇನ್ ಮತ್ತು ನೌಕ್ರಿ

ಇವೆರಡನ್ನೂ ಒಂದೇ ಅಂತ ತಿಳಿದುಕೊಂಡವರು ತುಂಬಾ ಜನ. ನೌಕ್ರಿ ಅರ್ಜಿ ಹಾಕುವ ಜಾಗ. ಅಲ್ಲಿ ಪರಿಚಯ ಬೆಳೆಯುವುದಿಲ್ಲ, ಬೆಳೆಯಬೇಕಾಗಿಯೂ ಇಲ್ಲ. ಕೆಲಸ ತುರ್ತಾಗಿ ಬೇಕು ಅಂದಾಗ ಅದನ್ನೂ ಬಳಸಿ. 2003ರಲ್ಲಿ ಶುರುವಾಗಿ 2016ರಿಂದ ಮೈಕ್ರೋಸಾಫ್ಟ್ ಕೈಯಲ್ಲಿರುವ ಲಿಂಕ್ಡ್‌ಇನ್‌ನಿಂದ ಮಾತ್ರ ತುರ್ತಿಗೆ ಅಷ್ಟೇನೂ ಉಪಯೋಗ ಇಲ್ಲ, ನಿಧಾನಕ್ಕೆ ಕೆಲಸ ಮಾಡುತ್ತದೆ.

ನಮ್ಮಂಥ ಊರಿನವರಿಗೆ ಅದರ ದೊಡ್ಡ ಲಾಭ, ಮನೆಯಲ್ಲೇ ಕೂತು ಹೊರಗಿನ ಬಳಗ ಮುಟ್ಟಬಹುದು. ಸಂಜೆ ಕಾರ್ಯಕ್ರಮಗಳಿಗೆ ಹೋಗಲಾಗದ ತಾಯಂದಿರಿಗೆ, ಮದ್ದೂರು, ಮಳವಳ್ಳಿ ಕಡೆಯವರಿಗೆ ಇದು ನಿಜಕ್ಕೂ ವರ. ಆದರೆ ಮೂರು ಸಾವಿರ ಜನರನ್ನು ಸುಮ್ನೆ ಸೇರಿಸಿಕೊಂಡರೆ ಏನೂ ಆಗುವುದಿಲ್ಲ. ನಾವು ಹುಡುಕುವಾಗ ಊರಿನ ಹೆಸರು, ಕೆಲಸದ ಹೆಸರು ಹಾಕಿ ಹುಡುಕುತ್ತೇವೆ. ಮೈಸೂರಿನಲ್ಲೇ ಇರಬೇಕು ಅನ್ನುವವರು ಪ್ರೊಫೈಲ್‌ನಲ್ಲಿ ಬೆಂಗಳೂರು ಅಂತ ಹಾಕಿಕೊಂಡಿದ್ದರೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ. ಹೆಸರಿನ ಕೆಳಗಿನ ಸಾಲಿನಲ್ಲಿ "ಅವಕಾಶ ಹುಡುಕುತ್ತಿದ್ದೇನೆ" ಅಂತ ಬರೆಯುವ ಬದಲು ನಿಮಗೆ ಬರುವ ಕೆಲಸ ಬರೆಯಿರಿ: ಸಿಎನ್‌ಸಿ ಪ್ರೋಗ್ರಾಮಿಂಗ್, ಜಿಎಸ್‌ಟಿ ಮತ್ತು ಟ್ಯಾಲಿ, ಜಾವಾ, ಯಾವುದೋ ಅದು.

ನೀವು ಬಿಡಿಸಿದ ಒಂದು ಸಮಸ್ಯೆಯ ಬಗ್ಗೆ ಹತ್ತು ಸಾಲು ಬರೆದರೆ ಅದು ಸರ್ಟಿಫಿಕೇಟಿನ ಫೋಟೋಗಿಂತ ಹೆಚ್ಚು ಹೇಳುತ್ತದೆ. ಕಂಪನಿಯ ಡ್ರಾಯಿಂಗ್, ಶಾಪ್ ಫ್ಲೋರ್ ಫೋಟೋ ಮಾತ್ರ ಹಾಕಲೇಬೇಡಿ. ಅದರಿಂದ ಇರುವ ಕೆಲಸಕ್ಕೇ ಕುತ್ತು ಬರಬಹುದು.

ಕ್ಲಬ್ಬುಗಳು: ಮೂರಕ್ಕೂ ವ್ಯತ್ಯಾಸ ಇದೆ

ಟೋಸ್ಟ್‌ಮಾಸ್ಟರ್ಸ್, ರೋಟರಿ, ಬಿಎನ್‌ಐ, ಈ ಮೂರೂ ಹೆಸರು ಒಟ್ಟಿಗೆ ಕೇಳಿಬರುತ್ತವೆ. ಮೂರರ ಉದ್ದೇಶವೂ ಬೇರೆ.

ಟೋಸ್ಟ್‌ಮಾಸ್ಟರ್ಸ್ 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ಸಭೆಯಲ್ಲಿ ಮಾತಾಡುವುದನ್ನು ಕಲಿಸುತ್ತದೆ. ತಯಾರಿ ಮಾಡಿಕೊಂಡು ಬಂದ ಭಾಷಣ, ಆ ಕ್ಷಣಕ್ಕೆ ಕೊಟ್ಟ ವಿಷಯದ ಮೇಲೆ ಒಂದೆರಡು ನಿಮಿಷ ಮಾತು, ಆಮೇಲೆ ಇನ್ನೊಬ್ಬರಿಂದ ವಿಮರ್ಶೆ, ಹೀಗೆ ಸಭೆ ನಡೆಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ, ಕೆಲಸ ಚೆನ್ನಾಗಿ ಗೊತ್ತಿದ್ದೂ ಮೀಟಿಂಗಿನಲ್ಲಿ ಇಂಗ್ಲಿಷ್ ಅಂದರೆ ಬಾಯಿ ಕಟ್ಟುವವರಿಗೆ ನಾನು ಮೊದಲು ಹೇಳೋದು ಇದನ್ನೇ. ಅತಿಥಿಯಾಗಿ ಒಮ್ಮೆ ಹೋಗಿ ನೋಡಿ, ಹಿಡಿಸಿದರೆ ಸೇರಿ. ಬೇರೆ ಬೇರೆ ಕಂಪನಿಯವರು ಅಲ್ಲಿ ಸಿಗುತ್ತಾರೆ, ನೀವು ವಾರದಿಂದ ವಾರಕ್ಕೆ ಸುಧಾರಿಸೋದನ್ನು ನೋಡುತ್ತಾರೆ.

ರೋಟರಿ 1905ರದ್ದು. ಅದರ ಯುವಕರ ವಿಭಾಗ ರೋಟರಾಕ್ಟ್ 1968ರಲ್ಲಿ ಬಂತು, 18 ತುಂಬಿದವರು ಸೇರಬಹುದು. ಸೇವೆ ಮಾಡುವ ಮನಸ್ಸಿದ್ದರೆ ಮಾತ್ರ ಇದಕ್ಕೆ ಹೋಗಿ. ರಕ್ತದಾನ ಶಿಬಿರದ ಖರ್ಚು ವೆಚ್ಚ ನೋಡಿಕೊಂಡು, ಕೊನೆಗೆ ರಸೀದಿ ಸಮೇತ ಲೆಕ್ಕ ಒಪ್ಪಿಸಿದರೆ ಆ ಕ್ಲಬ್ಬಿನ ಡಾಕ್ಟರಿಗೆ, ಆಡಿಟರಿಗೆ, ಉದ್ಯಮಿಗೆ ನೀವು ಎಂಥವರು ಅಂತ ಗೊತ್ತಾಗಿಬಿಡುತ್ತದೆ. ವಿಸಿಟಿಂಗ್ ಕಾರ್ಡ್ ಹಂಚಲು ಬಂದವರನ್ನೂ ಅವರು ಅಷ್ಟೇ ಬೇಗ ಗುರುತಿಸುತ್ತಾರೆ.

1985ರಲ್ಲಿ ಹುಟ್ಟಿದ ಬಿಎನ್‌ಐ ಪೂರ್ತಿ ವ್ಯಾಪಾರದ ಸಂಘಟನೆ. ಒಂದು ಶಾಖೆಯಲ್ಲಿ ಒಂದು ವೃತ್ತಿಗೆ ಒಬ್ಬರೇ. ವಾರಕ್ಕೊಮ್ಮೆ ಸಭೆ, ಒಬ್ಬರು ಇನ್ನೊಬ್ಬರಿಗೆ ಗಿರಾಕಿ ಕಳಿಸುವುದು ಅದರ ತಿರುಳು. ಸ್ವಂತ ಕಚೇರಿ ಇಟ್ಟ ಸಿಎ, ಆರ್ಕಿಟೆಕ್ಟ್, ಕ್ಯಾಟರಿಂಗ್‌ನವರು, ಪ್ರಿಂಟಿಂಗ್ ಪ್ರೆಸ್‌ನವರಿಗೆ ಸರಿ. ಸಂಬಳಕ್ಕೆ ಕೆಲಸ ಮಾಡುವವರಿಗೆ ಬೇಡವೇ ಬೇಡ. ಸೇರುವ ಮುನ್ನ ಸದಸ್ಯತ್ವದ ಶುಲ್ಕ, ವಾರವಾರದ ಸಭೆಯ ಖರ್ಚು ಎಲ್ಲ ಸೇರಿ ವರ್ಷಕ್ಕೆ ಎಷ್ಟಾಗುತ್ತದೆ ಅಂತ ಕೇಳಿ, ನಿಮ್ಮ ಒಬ್ಬ ಗಿರಾಕಿಯಿಂದ ಬರುವ ಲಾಭದ ಜೊತೆ ತೂಗಿ ನೋಡಿ.

ಇನ್ನು ಭಾರತೀಯ ಕೈಗಾರಿಕಾ ಒಕ್ಕೂಟ (ಸಿಐಐ), ಮೈಸೂರು ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ ಇಂಥವು ಹೂಟಗಳ್ಳಿ, ಮೇಟಗಳ್ಳಿಯಲ್ಲಿ ಸಣ್ಣ ಘಟಕ ನಡೆಸುವವರಿಗೆ. ನೌಕರರಾಗಿದ್ದರೆ, ಅಲ್ಲಿನ ತರಬೇತಿಗೆ ಕಂಪನಿ ಪರವಾಗಿ ನನ್ನನ್ನು ಕಳಿಸಿ ಅಂತ ಮ್ಯಾನೇಜರನ್ನು ಕೇಳಿ ನೋಡಿ.

ಆಹಾರ ತಂತ್ರಜ್ಞಾನ ಓದಿದವರಿಗೆ ಮಾತ್ರ ಮೈಸೂರು ಬಿಟ್ಟು ಬೇರೆ ಊರು ಹುಡುಕುವ ಅಗತ್ಯವಿಲ್ಲ. ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) 1950ರಿಂದ ಇಲ್ಲಿದೆ, ಡಿಎಫ್‌ಆರ್‌ಎಲ್ ಅಂತ ಕರೆಯುತ್ತಿದ್ದ ರಕ್ಷಣಾ ಇಲಾಖೆಯ ಪ್ರಯೋಗಾಲಯವೂ ಇಲ್ಲೇ. 1957ರಲ್ಲಿ ಶುರುವಾದ ಆಹಾರ ವಿಜ್ಞಾನಿಗಳ ಮತ್ತು ತಂತ್ರಜ್ಞರ ಅಖಿಲ ಭಾರತ ಸಂಘದ ಮುಖ್ಯ ಕಚೇರಿ ಸಿಎಫ್‌ಟಿಆರ್‌ಐ ಆವರಣದಲ್ಲೇ ಇದೆ. ದೇಶದ ಬೇರೆ ಮೂಲೆಯವರು ರೈಲು ಹತ್ತಿ ಬರುವ ಜಾಗ ನಿಮಗೆ ಸಿಟಿ ಬಸ್ಸಿನ ದೂರದಲ್ಲಿದೆ. ಆ ಸಂಘದ ವಿದ್ಯಾರ್ಥಿ ಸದಸ್ಯತ್ವ ತೆಗೆದುಕೊಂಡು, ಅದರ ಸಮ್ಮೇಳನದಲ್ಲಿ ನಿಮ್ಮ ಕೆಲಸದ ಬಗ್ಗೆ ಒಂದು ಪೋಸ್ಟರ್ ಮಾಡಿ ಅದರ ಪಕ್ಕ ನಿಂತುಕೊಳ್ಳಿ.

ಬೆಂಗಳೂರಿಗೆ ಹೋಗಿ ಬರುವುದು

ಸಾಫ್ಟ್‌ವೇರ್‌ನವರಿಗೆ ಈ ದಾರಿ ಬಿಟ್ಟರೆ ಕಷ್ಟ. ಒಂದೇ ಬಗೆಯ ಕೆಲಸದವರು ಸೇರಿ ಮಾತಾಡುವ ಮೀಟಪ್‌ಗಳು ನಡೆಯೋದು ಜಾಸ್ತಿ ಅಲ್ಲೇ. ಆದರೆ ವಾರದ ಸಂಜೆಯ ಕಾರ್ಯಕ್ರಮಕ್ಕೆ ಇಲ್ಲಿಂದ ಹೊರಡುವುದು ಬೇಡ. ಅದು ಮುಗಿದು, ಟ್ರಾಫಿಕ್ ದಾಟಿ ಮನೆ ಸೇರುವಾಗ ನಡುರಾತ್ರಿ. ಮಾತಾಡುವ ಹೊತ್ತಿಗೆ ಗಡಿಯಾರ ನೋಡಿಕೊಂಡು ಎದ್ದು ಬರಬೇಕಾಗುತ್ತದೆ. ಬೈಕಿನಲ್ಲಿ ಹೋಗುತ್ತೇನೆ ಅನ್ನುವವರು ನೆನಪಿಡಿ, 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್ ವೇಯ ಮುಖ್ಯ ರಸ್ತೆಯಲ್ಲಿ ಅದೇ ವರ್ಷದ ಆಗಸ್ಟ್‌ನಿಂದ ದ್ವಿಚಕ್ರ ವಾಹನಕ್ಕೆ ಅವಕಾಶವಿಲ್ಲ. ಸರ್ವೀಸ್ ರೋಡೇ ಗತಿ.

ಶನಿವಾರ ಬೆಳಗಿನ ಕಾರ್ಯಕ್ರಮ ಆರಿಸಿಕೊಳ್ಳಿ. ರೈಲಿನಲ್ಲಿ ಹೋಗಿ ಕೆಂಗೇರಿಯಲ್ಲೋ ಮೆಜೆಸ್ಟಿಕ್‌ನಲ್ಲೋ ಇಳಿದರೆ ನೇರಳೆ ಮೆಟ್ರೋ ವೈಟ್‌ಫೀಲ್ಡ್‌ವರೆಗೂ ಹೋಗುತ್ತದೆ. ಮೀಟಪ್‌ಗೆ ಬರುವ ನೂರು ಜನರನ್ನು ನಂಬಿ ಹೋಗಬೇಡಿ. ಅದೇ ಏರಿಯಾದಲ್ಲಿ ಕೆಲಸ ಮಾಡುವ ಒಬ್ಬ ಸೀನಿಯರ್‌ಗೋ ಹಳೆಯ ಸಹೋದ್ಯೋಗಿಗೋ ವಾರದ ಮುಂಚೆ ತಿಳಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಸಿಗುವಂತೆ ಮಾಡಿಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ತೋರಿಸಲು ಏನಾದರೂ ಇಟ್ಟುಕೊಂಡಿರಿ.

ಮಂಡ್ಯ, ಮದ್ದೂರಿನವರಿಗೆ ಇದಕ್ಕಿಂತ ಸುಲಭದ ದಾರಿ ಇದೆ. ರೈಲ್ವೆಯ ತಿಂಗಳ ಪಾಸು 150 ಕಿಲೋಮೀಟರ್‌ವರೆಗೆ ಸಿಗುವುದರಿಂದ ಈ ಇಡೀ ಮಾರ್ಗದಲ್ಲಿ ದಿನಾ ಬೆಂಗಳೂರಿಗೆ ಹೋಗಿ ಬರುವ ಪಾಸಿನವರು ಸಾಕಷ್ಟು ಜನ. ಸರ್ಕಾರಿ ಕಚೇರಿಯವರು, ಬ್ಯಾಂಕಿನವರು, ಪೀಣ್ಯದ ಕಾರ್ಖಾನೆಯವರು, ಐಟಿಯವರು ಒಂದೇ ಬೋಗಿಯಲ್ಲಿ ತಿಂಗಳಾನುಗಟ್ಟಲೆ ಎದುರುಬದುರು ಕೂರುತ್ತಾರೆ. ನಿಮ್ಮ ಮನೆಯ ಆಚೀಚೆ ಅಂಥವರು ಒಬ್ಬರಾದರೂ ಇರುತ್ತಾರೆ. ಭಾನುವಾರ ಅವರ ಮನೆಗೆ ಹೋಗಿ, "ಅಣ್ಣ, ನಿಮ್ಮ ಬೋಗಿಯಲ್ಲಿ ನಮ್ಮ ಲೈನಿನವರು ಯಾರಿದ್ದಾರೆ?" ಅಂತ ಕೇಳಿ. ಹೆಸರು ಹೇಳಿದರೆ ಸೋಮವಾರವೇ ಒಂದು ಟಿಕೆಟ್ ತೆಗೆದುಕೊಂಡು ಅವರ ಜೊತೆ ಹೊರಡಿ. ರಾಮನಗರ ದಾಟುವಷ್ಟರಲ್ಲಿ ನಿಮ್ಮ ಕೆಲಸದ ಬಗ್ಗೆ ನಿಧಾನವಾಗಿ ಮಾತಾಡಲು ಬೇಕಾದಷ್ಟು ಸಮಯ ಸಿಗುತ್ತದೆ.